ಚಿಕ್ಕೋಡಿಯಲ್ಲಿ ಎಷ್ಟು ಅಕ್ಷರ?

ಒಂದು ರಾಜ್ಯೋತ್ಸವದ ಹಿಂದಿನ ದಿನ ಸಂಜೆ ನಮ್ಮೂರ ಹೈಸ್ಕೂಲಿನ ಕನ್ನಡ ಸರ್ ಫೋನ್ ಮಾಡಿದ್ದರು. ಊರು ಚಿಕ್ಕೋಡಿ ತಾಲ್ಲೂಕಿನದು. ನಾನು ಬೆಂಗಳೂರು ಸೇರಿ ಹನ್ನೆರಡು ವರ್ಷವಾದರೂ ಸರ್ ಪಾಲಿಗೆ ಇನ್ನೂ ಮೂರನೇ ಬೆಂಚಿನ ಹುಡುಗನೇ. ಅವರ ಯೋಜನೆ ಇಷ್ಟು: ಮಕ್ಕಳ ಕೈಗೆ ಒಂದೊಂದು ಅಕ್ಷರದ ಹಾಳೆ ಕೊಟ್ಟು ಸಾಲಾಗಿ ನಿಲ್ಲಿಸೋದು. ಒಬ್ಬೊಬ್ಬರೂ ತಮ್ಮ ಅಕ್ಷರ ಕೂಗುತ್ತ ಹೋದ ಹಾಗೆ ಊರ ಹೆಸರು ಮೂಡಬೇಕು. ಹೆಸರು ಐದು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ.

‘ಒಂದ ಹಾಳ್ಯಾಗ ಒಂದ ಅಕ್ಷರ, ದೊಡ್ಡದಾಗಿ. ಮಾಡಿ ಕಳಸ್ತಿಯೇನೋ ತಮ್ಮಾ? ನಿನ್ನ ಕೆಲಸನ ಅದಲ್ಲಾ.’

ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಐದು ಹೆಸರನ್ನ ಒಂದು ಫೈಲಿಗೆ ಹಾಕಿ, ಒಂದೊಂದೇ ಅಕ್ಷರ ತೆಗೆದು ಒಂದೊಂದು ಪುಟ ಮಾಡುವ ಶೆಲ್ ಸ್ಕ್ರಿಪ್ಟ್ ಬರೆದೆ. ಮೊದಲ ಸಲ ಓಡಿಸಿದಾಗ 96 ಸಾಲು ಕಸ ಬಂತು. ಲೊಕೇಲ್ ಸೆಟ್ಟಿಂಗ್ ಸರಿ ಮಾಡಿ ಮತ್ತೆ ಓಡಿಸಿದೆ. ಈ ಸಲ 32 ಪುಟ, ಮೇಲಿನದು ಕನ್ನಡದ ಹಾಗೇ ಕಾಣ್ತಿತ್ತು. ಪೂರ್ತಿ ನೋಡದೆ ಪಿಡಿಎಫ್ ಕಳಿಸಿ ಊಟಕ್ಕೆ ಕೂತೆ.

ಅರ್ಧ ತಾಸಿಗೆ ಮತ್ತೆ ಫೋನು.

‘ಏನಪಾ ಇದು? ನಾ ಹದಿನೇಳ ಹುಡುಗ್ರನ್ನ ಆರಿಸಿ ಇಟ್ಟೀನಿ, ನೀ ಮೂವತ್ತೆರಡ ಹಾಳಿ ಕಳಿಸೀದಿ. ಒಂದರಾಗ ಬರೇ ಗುಡಿಸು ಐತಿ. ಇನ್ನೊಂದರಾಗ ಚುಕ್ಕಿ ಚುಕ್ಕಿ ವರ್ತುಲ ಐತಿ. ಅದನ್ನ ಹಿಡಕೊಂಡ ನಿಂತ ಹುಡುಗ ಏನಂತ ಒದರ್ಬೇಕೋ?’

ಉತ್ತರ ನನ್ನ ಹತ್ತಿರ ಇರಲಿಲ್ಲ. ಸರ್ ಲೆಕ್ಕ ಸರಿಯಾಗೇ ಇತ್ತು: ಚಿಕ್ಕೋಡಿ ಮೂರು, ನಿಪ್ಪಾಣಿ ಮೂರು, ರಾಯಬಾಗ ನಾಲ್ಕು, ಅಥಣಿ ಮೂರು, ಕಾಗವಾಡ ನಾಲ್ಕು, ಒಟ್ಟು ಹದಿನೇಳು. ಒಂದನೇ ಕ್ಲಾಸಿನ ಹುಡುಗನೂ ಹೀಗೇ ಎಣಿಸುತ್ತಾನೆ. ಹಾಗಾದರೆ ಕಂಪ್ಯೂಟರಿಗೆ 96, 32 ಎಲ್ಲಿಂದ ಬಂತು? ಆ ರಾತ್ರಿ ಹುಡುಕುತ್ತ ಹೋದಾಗ ಗೊತ್ತಾಗಿದ್ದು: ಆ ಅಂಕಿಗಳಲ್ಲಿ ಯಾವುದೂ ತಪ್ಪು ಲೆಕ್ಕ ಅಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಕಡೆ ಕೂತ ಜನ ‘ಒಂದು’ ಅಂದರೆ ಏನು ಅಂತ ತೀರ್ಮಾನ ಮಾಡಿದ್ದಾರೆ, ಆ ತೀರ್ಮಾನಗಳ ಚರಿತ್ರೆ ಅದು.

ಪದ ಗೊತ್ತು, ಅಕ್ಷರ ಗೊತ್ತಿಲ್ಲ

ಮೊದಲು ಶೆಲ್ ವಿಷಯ. ನಾವು ದಿನಾ ಬಳಸುವ ಬ್ಯಾಶ್‌ನ ಅಜ್ಜ ಬೌರ್ನ್ ಶೆಲ್. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಬೌರ್ನ್ ಬರೆದದ್ದು, 1979ರಲ್ಲಿ ಯೂನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಹೊರಬಂತು. ‘ಫಾರ್’ ಲೂಪ್ ಅದರಲ್ಲೇ ಇತ್ತು. ಆದರೆ ಆ ಲೂಪ್ ಸುತ್ತೋದು ಪದಗಳ ಮೇಲೆ. ಖಾಲಿ ಜಾಗ, ಟ್ಯಾಬ್, ಹೊಸ ಸಾಲು, ಇವು ಎಲ್ಲಿ ಬಂದರೂ ಅಲ್ಲಿಗೆ ಒಂದು ಪದ ಮುಗೀತು ಅಂತ ಲೆಕ್ಕ. ಪದದ ಒಳಗೆ ಹೋಗಿ ಒಂದೊಂದು ಅಕ್ಷರ ಮುಟ್ಟುವ ದಾರಿ ಶೆಲ್ಲಿನೊಳಗೆ ಇರಲಿಲ್ಲ. ಯಾಕೆ ಬೇಕು? ಶೆಲ್ ಹುಟ್ಟಿದ್ದೇ ಫೈಲಿನ ಹೆಸರು, ಆಜ್ಞೆಯ ಹೆಸರುಗಳನ್ನ ಸಾಲಾಗಿ ಹಿಡಿದು ಕೆಲಸಕ್ಕೆ ಹಚ್ಚಲಿಕ್ಕೆ. ಅಕ್ಷರ ಬೇಕಾದರೆ ‘ಎಕ್ಸ್‌ಪರ್’, ‘ಸೆಡ್’, ‘ಕಟ್’ ಥರದ ಬೇರೆ ಪ್ರೋಗ್ರಾಮುಗಳನ್ನ ಕರೀಬೇಕಿತ್ತು.

ಇಲ್ಲೊಂದು ತಮಾಷೆ ಇದೆ. ಬೌರ್ನ್‌ಗೆ ಆಲ್ಗಾಲ್ 68 ಭಾಷೆ ಅಂದರೆ ಇಷ್ಟ. ಅದರಲ್ಲಿ ‘ಇಫ್’ನಿಂದ ಶುರುವಾದದ್ದು ತಿರುಗುಮುರುಗಾಗಿ ‘ಫಿ’ಯಿಂದ ಮುಗಿಯುತ್ತೆ, ‘ಕೇಸ್’ ಅದೇ ಥರ ‘ಇಸ್ಯಾಕ್’ನಿಂದ. ‘ಡೂ’ ಕೂಡ ತಿರುಗಿಸಿ ‘ಓ, ಡಿ’ ಎಂಬ ಎರಡಕ್ಷರದಿಂದ ಮುಗೀಬೇಕಿತ್ತು. ಆದರೆ ಆ ಹೆಸರಿನ ಪ್ರೋಗ್ರಾಮ್ ಯೂನಿಕ್ಸ್‌ನಲ್ಲಿ ಆಗಲೇ ಇತ್ತು: ಫೈಲಿನ ಒಳಗಿನ ಬೈಟುಗಳನ್ನ ಅಂಕಿಯಾಗಿ ತೋರಿಸುವ ‘ಆಕ್ಟಲ್ ಡಂಪ್’. ಹಾಗಾಗಿ ನಮ್ಮ ಲೂಪುಗಳೆಲ್ಲ ಇವತ್ತಿಗೂ ‘ಡನ್’ ಅಂತ ಮುಗಿಯುತ್ತವೆ. ಆ ರಾತ್ರಿ ನನ್ನ ಸ್ಕ್ರಿಪ್ಟಿನ ರೋಗ ಕಂಡುಹಿಡಿಯಲಿಕ್ಕೆ ನನಗೆ ಬೇಕಾದದ್ದೂ ಅದೇ ‘ಓಡಿ’. ಚಿಕ್ಕೋಡಿಯ ಬಾಲದಲ್ಲೇ ಅದು ಇದೆ ಅಂತ ಆಮೇಲೆ ಹೊಳೀತು.

ಪದ ಅಂದರೆ ಎರಡು ಖಾಲಿ ಜಾಗಗಳ ನಡುವೆ ಇರೋದು ಅನ್ನುವ ಈ ನಂಬಿಕೆಯೂ ಎಲ್ಲರದ್ದಲ್ಲ. ನಮ್ಮ ಕಡೆ ಹಳೇ ಮನೆಗಳ ಪೆಟ್ಟಿಗೆ ತೆರೆದರೆ ಮೋಡಿ ಲಿಪಿಯ ಕಾಗದ ಸಿಗುತ್ತವೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಅದಕ್ಕೂ ಮುಂಚೆ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಹೊಲದ ಲೆಕ್ಕ, ಸಾಲದ ಪತ್ರ ಬರೆಯುವವರ ಕೈಬರಹ ಮೋಡಿ. ಲೇಖನಿ ಆದಷ್ಟು ಎತ್ತದೆ, ಪದದ ನಡುವೆ ಜಾಗ ಬಿಡದೆ, ಮೇಲೊಂದು ಉದ್ದ ಗೆರೆ ಎಳೆದು ಅದರ ಕೆಳಗೆ ಓಡಿಸಿಕೊಂಡು ಹೋಗುವ ಬರಹ. ನಮ್ಮ ಅಜ್ಜನ ಪೆಟ್ಟಿಗೆಯಲ್ಲೂ ಅಂಥ ನಾಲ್ಕು ಹಾಳೆ ಇದ್ದವು, ಓದುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಬೌರ್ನ್ ಶೆಲ್ಲಿಗೆ ಆ ಕಾಗದ ಕೊಟ್ಟಿದ್ದರೆ ಇಡೀ ಪುಟಕ್ಕೆ ಒಂದೇ ಪದ ಅಂತ ಹೇಳ್ತಿತ್ತು. ಮೋಡಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2014ರಲ್ಲಿ, 7.0 ಆವೃತ್ತಿಯಲ್ಲಿ. ಅಜ್ಜನ ಕಾಗದಕ್ಕೂ ಕಂಪ್ಯೂಟರಿಗೂ ಪರಿಚಯ ಆಗಲಿಕ್ಕೆ ಅಷ್ಟು ವರ್ಷ ಬೇಕಾಯ್ತು.

ಶೆಲ್ಲಿನಲ್ಲೇ ‘ಇಷ್ಟನೇದರಿಂದ ಇಷ್ಟು ತಗೋ’ ಅಂತ ಕೇಳುವ ಸೌಲಭ್ಯ ಡೇವಿಡ್ ಕಾರ್ನ್ ಅವರ ಶೆಲ್ಲಿನ 1993ರ ರೂಪದಲ್ಲಿ ಬಂತು. ಬ್ರಯಾನ್ ಫಾಕ್ಸ್ 1989ರಲ್ಲಿ ಗ್ನೂ ಯೋಜನೆಗಾಗಿ ಬಿಡುಗಡೆ ಮಾಡಿದ್ದ ಬ್ಯಾಶ್ ಮುಂದೆ ಅದನ್ನ ಕಲಿತುಕೊಂಡಿತು. ಉಬುಂಟು 2006ರಿಂದ ಬಳಸುವ ಚಿಕ್ಕ ಶೆಲ್ ‘ಡ್ಯಾಶ್’ಗೆ ಅದು ಬರೋದಿಲ್ಲ, ‘ಬ್ಯಾಡ್ ಸಬ್‌ಸ್ಟಿಟ್ಯೂಷನ್’ ಅಂತ ಬೈದು ನಿಲ್ಲುತ್ತೆ. ಬ್ಯಾಶ್‌ನಲ್ಲಿ ಸೊನ್ನೆಯಿಂದ ಉದ್ದದವರೆಗೆ ಎಣಿಸುತ್ತ ಒಂದೊಂದೇ ತುಂಡು ತೆಗೆಯೋದು, ನಾನು ಮಾಡಿದ್ದೂ ಅಷ್ಟೇ. ಸಮಸ್ಯೆ ಲೂಪಿನಲ್ಲಿ ಇರಲಿಲ್ಲ, ‘ಒಂದು ತುಂಡು’ ಅನ್ನೋದರಲ್ಲಿತ್ತು.

ತೊಂಬತ್ತಾರು

1963ರಲ್ಲಿ ಅಮೆರಿಕದಲ್ಲಿ ಆಸ್ಕಿ ಬಂತು. ಏಳು ಬಿಟ್, 128 ಜಾಗ, ಇಂಗ್ಲಿಷಿನ ಅಕ್ಷರ, ಅಂಕಿ, ವಿರಾಮ ಚಿಹ್ನೆಗಳಿಗೆ ಸಾಕು. ಒಂದು ಅಕ್ಷರಕ್ಕೆ ಒಂದು ಬೈಟು. ಯೂನಿಕ್ಸ್ ಕಟ್ಟಿದವರಿಗೆ ‘ಕ್ಯಾರೆಕ್ಟರ್’ ಮತ್ತು ‘ಬೈಟ್’ ಒಂದೇ ವಸ್ತುವಿನ ಎರಡು ಹೆಸರು. ಸಿ ಭಾಷೆಯ ‘ಚಾರ್’ ಅಂದರೆ ಇವತ್ತಿಗೂ ಒಂದು ಬೈಟೇ.

1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಡೈನರ್‌ನಲ್ಲಿ ಊಟಕ್ಕೆ ಕೂತಿದ್ದರು. ಜಗತ್ತಿನ ಎಲ್ಲ ಲಿಪಿಗಳಿಗೆ ಯೂನಿಕೋಡ್ ಕೊಟ್ಟ ದೊಡ್ಡ ದೊಡ್ಡ ಅಂಕಿಗಳನ್ನ ಬೈಟುಗಳಲ್ಲಿ ಹೇಗೆ ಬರೆಯೋದು ಅನ್ನೋದು ಮಾತು. ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಹೊಸ ವಿಧಾನ ಗೀಚಿದರು, ಕೆಲವೇ ದಿನಗಳಲ್ಲಿ ಅವರ ಪ್ಲಾನ್ 9 ವ್ಯವಸ್ಥೆ ಅದಕ್ಕೆ ಬದಲಾಯ್ತು. ಅದೇ ಯುಟಿಎಫ್-8. ಅದರ ಜಾಣತನ ಏನಂದರೆ ಇಂಗ್ಲಿಷ್ ಹಳೇ ಹಾಗೇ ಒಂದು ಬೈಟು, ಉಳಿದವರಿಗೆ ಎರಡು, ಮೂರು, ನಾಲ್ಕು. ಹಳೇ ಪ್ರೋಗ್ರಾಮು ಒಂದೂ ಮುರಿಯೋದಿಲ್ಲ. ಅದಕ್ಕೇ ಅದು ಗೆದ್ದಿತು.

ಕನ್ನಡಕ್ಕೆ ಬಂದದ್ದು ಮೂರು ಬೈಟು. ಆಕ್ಟಲ್ ಡಂಪ್‌ಗೆ ದಶಮಾನದಲ್ಲಿ ತೋರಿಸು ಅಂತ ಹೇಳಿದರೆ ಕನ್ನಡದ ಪ್ರತಿ ಚಿಹ್ನೆಯೂ 224ರಿಂದ ಶುರುವಾಗೋದು ಕಾಣುತ್ತೆ, ಅದರ ಹಿಂದೆ 178 ಅಥವಾ 179, ಮೂರನೆಯದು ಮಾತ್ರ ಬೇರೆ ಬೇರೆ. ಮನೆತನದ ಅಡ್ಡಹೆಸರು ಒಂದೇ, ಕೊನೆಯ ಹೆಸರು ಬೇರೆ ಅನ್ನೋ ಹಾಗೆ. ನಮ್ಮ ಐದು ಊರಿನ ಹೆಸರು ಸೇರಿಸಿದರೆ 32 ಚಿಹ್ನೆ, ಮೂರರಿಂದ ಗುಣಿಸಿದರೆ 96. ನಾನು ಮೊದಲು ಸ್ಕ್ರಿಪ್ಟ್ ಓಡಿಸಿದ ಕಂಟೇನರಿನಲ್ಲಿ ಲೊಕೇಲ್ ಹಾಕಿರಲಿಲ್ಲ. ಲೊಕೇಲ್ ಇಲ್ಲದ ಬ್ಯಾಶ್ 1979ಕ್ಕೆ ವಾಪಸ್ ಹೋಗಿ ಒಂದು ಬೈಟಿಗೆ ಒಂದು ಅಕ್ಷರ ಅಂತಲೇ ಎಣಿಸುತ್ತೆ.

ಈ ಮಾತು ಕೆಲಸಕ್ಕೆ ಬರುವಂಥದ್ದು. ನಿಮ್ಮ ಟರ್ಮಿನಲ್ಲಿನಲ್ಲಿ ಸರಿ ಇದ್ದ ಸ್ಕ್ರಿಪ್ಟ್ ರಾತ್ರಿ ಕ್ರಾನ್‌ನಲ್ಲಿ ಓಡಿದಾಗ ಕನ್ನಡ ಹೆಸರುಗಳನ್ನ ಕಚ್ಚಿಹಾಕಿದರೆ ಮೊದಲು ನೋಡಬೇಕಾದ್ದು ಇದನ್ನೇ. ಕ್ರಾನ್‌ಗೆ ನಿಮ್ಮ ಲಾಗಿನ್ ಪರಿಸರ ಸಿಗೋದಿಲ್ಲ, ಬಹಳ ಕಡೆ ಲೊಕೇಲೂ ಸಿಗೋದಿಲ್ಲ.

ಮೂವತ್ತೆರಡು

ಲೊಕೇಲ್ ಸರಿ ಮಾಡಿದ ಮೇಲೆ 32. ಈ ಅಂಕಿಯ ಹಿಂದೆ ಅಮೆರಿಕದವರಿಲ್ಲ, ನಾವೇ ಇದ್ದೇವೆ.

ಭಾರತೀಯ ಲಿಪಿಗಳನ್ನ ಕಂಪ್ಯೂಟರಿಗೆ ತರುವ ಕೆಲಸ ಐಐಟಿ ಕಾನ್ಪುರದಲ್ಲಿ ನಡೆದು, ಆಮೇಲೆ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿಯಿತು. ಇಸ್ಕಿ ಎಂಬ ಸಂಕೇತ ಪದ್ಧತಿ 1988ರಲ್ಲಿ ರೂಪುಗೊಂಡು, 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕ ಆಯ್ತು. ಅವರ ಮುಂದಿದ್ದ ಪ್ರಶ್ನೆ ಲೆಕ್ಕ ಹಾಕಿ ನೋಡಿದರೆ ಅರ್ಥ ಆಗುತ್ತೆ. ಕನ್ನಡದಲ್ಲಿ 34 ವ್ಯಂಜನ, 13 ಸ್ವರ. ಬರೀ ಕಾಗುಣಿತವೇ 442. ಒಂದೊಂದು ಒತ್ತು ಸೇರಿಸಿದರೆ, ಬಳಕೆಯಲ್ಲಿ ಇಲ್ಲದ್ದೂ ಹಿಡಿದು, 15,028. ‘ಸ್ತ್ರೀ’, ‘ರಾಷ್ಟ್ರ’ದಂಥ ಎರಡು ಒತ್ತಿನವು ಇದರಲ್ಲಿಲ್ಲ. ಎಂಟು ಬಿಟ್ಟಿನಲ್ಲಿ ಇರೋದೇ 256 ಜಾಗ, ಅದರಲ್ಲಿ ಅರ್ಧ ಆಸ್ಕಿಗೆ ಹೋಯ್ತು. ಅದಕ್ಕೆ ಅವರು ಮೂಲ ಸಾಮಾನು ಮಾತ್ರ ಇಟ್ಟರು: ವ್ಯಂಜನ, ಸ್ವರ, ಸ್ವರಚಿಹ್ನೆ, ಮತ್ತೆ ಒಂದು ಹಲಂತ. ‘ಕ್ಕೋ’ ಬೇಕಾದರೆ ಕ, ಹಲಂತ, ಕ, ಓತ್ವ, ಹೀಗೆ ನಾಲ್ಕು ಜೋಡಿಸಿಕೋ. ಕೂಡಿಸಿ ತೋರಿಸೋದು ಫಾಂಟಿನ ಕೆಲಸ.

ಅದೇ 1991ರ ಅಕ್ಟೋಬರಿನಲ್ಲಿ ಬಂದ ಯೂನಿಕೋಡ್ 1.0, ಭಾರತೀಯ ಲಿಪಿಗಳಿಗೆ ಇಸ್ಕಿಯ ಏರ್ಪಾಡನ್ನೇ ತಗೊಂಡಿತು. ಕನ್ನಡಕ್ಕೆ 128 ಜಾಗದ ಒಂದು ಓಣಿ. ಚಿಕ್ಕೋಡಿ ಅಲ್ಲಿ ಎಂಟು ಮನೆ: ಚ, ಗುಡಿಸು, ಕ, ಹಲಂತ, ಕ, ಓತ್ವ, ಡ, ಗುಡಿಸು. ನಿಪ್ಪಾಣಿಯೂ ಎಂಟು. ರಾಯಬಾಗ ಆರು, ಅಥಣಿ ನಾಲ್ಕು, ಕಾಗವಾಡ ಆರು. ನಾನು ಸರ್‌ಗೆ ಕಳಿಸಿದ 32 ಹಾಳೆ ಇವೇ. ಚುಕ್ಕಿ ಚುಕ್ಕಿ ವರ್ತುಲ ಅಂದರೆ, ಕೂರಲಿಕ್ಕೆ ವ್ಯಂಜನ ಸಿಗದ ಚಿಹ್ನೆಗೆ ಫಾಂಟು ಹಾಕಿಕೊಟ್ಟ ಖಾಲಿ ಕುರ್ಚಿ.

ಬೇರೆಯವರು ಬೇರೆ ದಾರಿ ಹಿಡಿದರು. ಕೊರಿಯನ್ನರ ಹಂಗುಲ್ ಲಿಪಿಯಲ್ಲೂ ತುಣುಕು ಜೋಡಿಸಿ ಅಕ್ಷರ ಕಟ್ಟುತ್ತಾರೆ. 1996ರ ಯೂನಿಕೋಡ್ 2.0 ಅವರಿಗೆ ಕಟ್ಟಿ ಮುಗಿದ 11,172 ಅಕ್ಷರಗಳನ್ನ ಸಾಲಾಗಿ ಇಟ್ಟುಕೊಟ್ಟಿತು. ಹಾಗಾಗಿ ಕೊರಿಯನ್ ಹುಡುಗ ನನ್ನ ಹಾಗೆ ಸ್ಕ್ರಿಪ್ಟ್ ಬರೆದರೆ ಅವನ ಮೇಷ್ಟ್ರು ಸಾಮಾನ್ಯವಾಗಿ ಬೈಯೋದಿಲ್ಲ. ನಮ್ಮವರು ಅದನ್ನ ಕೇಳಬೇಕಿತ್ತು ಅಂತ ನಾನು ಹೇಳ್ತಿಲ್ಲ. ಸಣ್ಣ ಸಾಮಾನು, ಹೊಸ ಪದಕ್ಕೂ ಜಾಗ, ಹುಡುಕೋದು ಸುಲಭ, ನಮ್ಮ ದಾರಿಗೆ ಅದರದೇ ಲಾಭ ಇದೆ. ಆದರೆ ಆ ಆಯ್ಕೆಯ ಬೆಲೆ ಲೂಪ್ ಬರೆಯುವವನು ಕೊಡಬೇಕು.

ಯೂನಿಕೋಡ್ ನಮ್ಮ ಕಂಪ್ಯೂಟರುಗಳಲ್ಲಿ ಸರಿಯಾಗಿ ಕೂರುವ ತನಕ ನಾವು ಬೇರೆ ಥರ ಬದುಕಿದೆವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಬೆರಳಿಗೆ ಅಂಟಿಕೊಂಡದ್ದು ಆಗಲೇ. ಆ ಕಾಲದ ಫೈಲುಗಳಲ್ಲಿ ಇದ್ದದ್ದು ಅಕ್ಷರ ಅಲ್ಲ, ಅಕ್ಷರದ ಚಿತ್ರದ ಚೂರು. ಫಾಂಟ್ ಇಲ್ಲದೆ ಹಳೇ ನುಡಿ ಫೈಲು ತೆರೆದವರಿಗೆ ಗೊತ್ತು: ‘ಕನ್ನಡ’ ಅನ್ನುವ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನ್ನರ ಒಂದು ಅಕ್ಷರ. ಪೌಂಡ್ ಚಿಹ್ನೆ ನಮ್ಮ ‘ನ’ದ ಮೈ, ಆ ಜರ್ಮನ್ ಅಕ್ಷರ ಅದರ ಒತ್ತು. ಮೂರಕ್ಷರದ ‘ಕನ್ನಡ’ ಅಲ್ಲಿ ಏಳು ಚೂರು. ಅಂಥ ಫೈಲಿನ ಮೇಲೆ ಲೂಪ್ ಓಡಿಸೋದು ಅಂದರೆ ಒಡೆದ ಮಡಕೆಯ ಚೂರು ಎಣಿಸಿದ ಹಾಗೆ.

ಹೆಸರು ಕತ್ತರಿಸಿದ್ದು

ಹಾಳೆ, ಮಕ್ಕಳು ಅಂದರೆ ನಗಬಹುದು. ನಗು ಬಾರದ್ದೂ ಒಂದಿದೆ, ಅದನ್ನ ಮಾಡಿದವನು ನಾನೇ.

ಮೊದಲ ಕೆಲಸದಲ್ಲಿ ಒಂದು ಪಟ್ಟಿ ಮುದ್ರಿಸುವ ಸ್ಕ್ರಿಪ್ಟ್ ಬರೆದಿದ್ದೆ. ಹೆಸರಿನ ಕಾಲಮ್ಮಿಗೆ 20 ಅಕ್ಷರ ಸಾಕು ಅಂತ ಇಟ್ಟಿದ್ದೆ. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡಿದ್ದೆ, ಎಲ್ಲ ಸರಿಯಾಗೇ ಬಂದಿತ್ತು. ಸ್ಕ್ರಿಪ್ಟಿನಲ್ಲಿ ಬಳಸಿದ್ದು ‘ಕಟ್’. ಅದರಲ್ಲಿ ‘ಬೈಟು’ ಮತ್ತು ‘ಅಕ್ಷರ’ ಅಂತ ಎರಡು ಆಯ್ಕೆ ಇವೆ, ನಾನು ಅಕ್ಷರವನ್ನೇ ಕೇಳಿದ್ದೆ. ಆದರೆ ಗ್ನೂ ‘ಕಟ್’ನಲ್ಲಿ ಆ ಎರಡೂ ಬಹಳ ವರ್ಷ ಒಂದೇ ಕೆಲಸ ಮಾಡುತ್ತಿದ್ದವು.

ನಮ್ಮ ಕಡೆ ಅಪ್ಪಾಸಾಹೇಬ, ಬಾಬಾಸಾಹೇಬ, ಅಣ್ಣಾಸಾಹೇಬ ಅನ್ನುವ ಹೆಸರು ಓಣಿಗೆ ನಾಲ್ಕು ಸಿಗುತ್ತವೆ. ಅಪ್ಪಾಸಾಹೇಬ ಕನ್ನಡದಲ್ಲಿ ಐದಕ್ಷರ. ಯೂನಿಕೋಡಿನಲ್ಲಿ ಹತ್ತು ಚಿಹ್ನೆ, ಮೂವತ್ತು ಬೈಟು. ಇಪ್ಪತ್ತಕ್ಕೆ ಕತ್ತರಿಸಿದರೆ ಉಳಿಯೋದು ‘ಅಪ್ಪಾಸ’, ಅದರ ಮುಂದೆ ಇಳಿಯ ಮೂರು ಬೈಟಿನಲ್ಲಿ ಎರಡು ಮಾತ್ರ. ಪಟ್ಟಿಯಲ್ಲಿ ಅದು ಕರೀ ವಜ್ರದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆಯಾಗಿ ಕೂತಿತ್ತು. ಅಡ್ಡಹೆಸರು ಪೂರ್ತಿ ಮಾಯ. ಒಂದೇ ಊರಿನ ಮೂವರು ಅಪ್ಪಾಸಾಹೇಬರು ಒಬ್ಬನೇ ಆಗಿಬಿಟ್ಟಿದ್ದರು. ವಯಸ್ಸಾದವರೊಬ್ಬರು ಚೀಟಿ ಹಿಡಿದು ಬಂದು ‘ಇದ್ರಾಗ ನಾ ಯಾವಾಂವ್ರೀ?’ ಅಂತ ಕೇಳಿದ್ದರಂತೆ. ಪಟ್ಟಿ ಕೈಯಿಂದ ಸರಿಮಾಡಲಿಕ್ಕೆ ಎರಡು ದಿನ ಹಿಡೀತು. ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಫೋನಿನ ಸಂದೇಶದಲ್ಲೂ ಇದೇ ಕಥೆ. ಒಂದು ಎಸ್ಸೆಮ್ಮೆಸ್ಸಿಗೆ 140 ಬೈಟು. ಇಂಗ್ಲಿಷಾದರೆ ಏಳು ಬಿಟ್ಟಿನ ಲೆಕ್ಕದಲ್ಲಿ 160 ಅಕ್ಷರ. ಕನ್ನಡವಾದರೆ ಚಿಹ್ನೆಗೆ ಎರಡು ಬೈಟು, 70 ಚಿಹ್ನೆ. ಅದು 70 ಅಕ್ಷರ ಅಲ್ಲ, ಚಿಕ್ಕೋಡಿಗೇ ಎಂಟು ಹೋದ ಮೇಲೆ ಉಳಿಯೋದು ಎಷ್ಟು ಅಂತ ನೀವೇ ಎಣಿಸಿ.

ಹತ್ತೊಂಬತ್ತು

ಯೂನಿಕೋಡಿನವರಿಗೂ ಇದು ಗೊತ್ತಿಲ್ಲದ್ದೇನಲ್ಲ. ಓದುವವನ ಕಣ್ಣಿಗೆ ‘ಒಂದು’ ಅಂತ ಕಾಣೋದಕ್ಕೆ ಅವರು ‘ಗ್ರಾಫೀಮ್ ಕ್ಲಸ್ಟರ್’ ಅಂತ ಹೆಸರಿಟ್ಟು, ಎಲ್ಲಿ ಕತ್ತರಿಸಬಾರದು ಅನ್ನುವ ನಿಯಮ ಬರೆದಿದ್ದಾರೆ. ಪರ್ಲ್‌ನಲ್ಲಿ, ಪರ್ಲ್ ಶೈಲಿಯ ‘ಗ್ರೆಪ್’ನಲ್ಲಿ ಅದನ್ನ ಹೀಗೆ ಕೇಳಬಹುದು: ಹಿಂದಕ್ಕೆ ಬಾಗಿದ ಗೆರೆ, ಅದರ ಪಕ್ಕ ದೊಡ್ಡ ಎಕ್ಸ್. ಬಿಂದು ಹಾಕಿದರೆ ಒಂದು ಚಿಹ್ನೆ, ಇದನ್ನ ಹಾಕಿದರೆ ಒಂದು ಕ್ಲಸ್ಟರ್.

ಹಾಕಿದೆ. 19 ಬಂತು. ಗುಡಿಸು, ಇಳಿ, ಓತ್ವ ಎಲ್ಲ ತಮ್ಮ ತಮ್ಮ ವ್ಯಂಜನದ ಜೊತೆ ಕೂತಿದ್ದವು. ರಾಯಬಾಗ, ಅಥಣಿ, ಕಾಗವಾಡ ಸರಿಯಾದವು. ಹೆಚ್ಚಾದ ಎರಡು ಹಾಳೆ ಚಿಕ್ಕೋಡಿ ಮತ್ತು ನಿಪ್ಪಾಣಿಯವು: ಚಿ, ಕ್, ಕೋ, ಡಿ. ನಿ, ಪ್, ಪಾ, ಣಿ. ಆ ನಿಯಮಕ್ಕೆ ಹಲಂತ ಬಂದಲ್ಲಿಗೆ ಅಕ್ಷರ ಮುಗೀತು.

2023ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 15.1 ಈ ನಿಯಮ ತಿದ್ದಿತು. ಹಲಂತದ ಮುಂದೆ ವ್ಯಂಜನ ಬಂದರೆ ಬಿಡಿಸಬೇಡಿ, ಒಂದೇ ಅಂತ ಹಿಡಿಯಿರಿ ಅಂತ ಆರು ಲಿಪಿಗಳಿಗೆ ಹೇಳಿತು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಪಟ್ಟಿಯನ್ನ ಎರಡು ಸಲ ಓದಿದೆ. ಕನ್ನಡ ಇರಲಿಲ್ಲ. ನಮ್ಮ ಲಿಪಿಯ ಒಡಹುಟ್ಟಿದ ತೆಲುಗಿನ ಒತ್ತು ಉಳಿಯಿತು, ನಮ್ಮದು ಬಿತ್ತು.

ನಮ್ಮ ಭಾಗದವರಿಗೆ ಇದರಲ್ಲಿ ಇನ್ನೊಂದು ಮುಳ್ಳಿದೆ. ಮರಾಠಿಯಲ್ಲಿ ನಮ್ಮ ಊರುಗಳನ್ನ ಚಿಕೋಡಿ, ನಿಪಾಣಿ ಅಂತ ಒತ್ತಿಲ್ಲದೆ ಬರೀತಾರೆ, ಇಂಗ್ಲಿಷ್ ಬೋರ್ಡುಗಳಲ್ಲೂ ಎಷ್ಟೋ ಕಡೆ ಹಾಗೇ. ಎರಡೂ ಭಾಷೆ ಒಂದೇ ಒಲೆಯ ಮುಂದೆ ಕೂತು ಉಣ್ಣುವ ಮನೆಗಳು ನಮ್ಮವು, ಅದಕ್ಕೆ ಯಾರೂ ಜಗಳ ತೆಗೆಯೋದಿಲ್ಲ. ಆದರೆ ಕನ್ನಡದಲ್ಲಿ ಬರೆದಾಗ ಈ ಎರಡು ಹೆಸರಿಗೆ ಇರುವ ಗುರುತೇ ಆ ಒತ್ತು. ಕಂಪ್ಯೂಟರು ಎಡವಿದ್ದೂ ಸರಿಯಾಗಿ ಅಲ್ಲೇ.

ಹದಿನೇಳು

ಒಂಬತ್ತನೇ ಕ್ಲಾಸಿನಲ್ಲಿ ಇದೇ ಸರ್ ನಮಗೆ ಛಂದಸ್ಸು ಕಲಿಸಿದ್ದರು. ಸಾಲು ಬರೆದು, ಒಂದೊಂದು ಅಕ್ಷರದ ತಲೆ ಮೇಲೆ ಲಘು ಗುರು ಹಾಕುತ್ತ ಹೋಗೋದು. ಆಮೇಲೆ ‘ಯಮಾತಾರಾಜಭಾನಸಲಗಂ’ ಅಂತ ಹೇಳಿಕೊಂಡು ಮೂರು ಮೂರು ಅಕ್ಷರ ಹಿಡಿದು ಗಣ ಹೆಸರಿಸೋದು. ಆಗ ಗೊತ್ತಿರಲಿಲ್ಲ, ಈಗ ನೋಡಿದರೆ ಅದು ಅಕ್ಷರದಿಂದ ಅಕ್ಷರಕ್ಕೆ ಸುತ್ತುವ ಲೂಪೇ. ಆ ಸೂತ್ರದಲ್ಲಿ ಒಂದೊಂದೇ ಅಕ್ಷರ ಸರಿಯುತ್ತ ಮೂರು ಮೂರು ಓದಿದರೆ ಎಂಟೂ ಗಣ ಸಿಗುತ್ತವೆ. ನಮ್ಮ ಇಂಟರ್‌ವ್ಯೂಗಳಲ್ಲಿ ‘ಸ್ಲೈಡಿಂಗ್ ವಿಂಡೋ’ ಅಂತ ಕೇಳೋದು ಇದನ್ನೇ.

ನಾಗವರ್ಮ ‘ಛಂದೋಂಬುಧಿ’ ಬರೆದದ್ದು ಹತ್ತನೇ ಶತಮಾನದ ಕೊನೆಗೆ. ಅಂದರೆ ಕನ್ನಡದ ಸಾಲನ್ನ ಅಕ್ಷರಕ್ಕೆ ಅಕ್ಷರ ಎಣಿಸುವ ಕ್ರಮ ಕನ್ನಡದಲ್ಲೇ ಬರೆದಿಟ್ಟು ಸಾವಿರ ವರ್ಷ ಆಯ್ತು. ಅಲ್ಲಿ ‘ಒಂದು’ ಅಂದರೆ ಏನು ಅನ್ನುವ ಗೊಂದಲ ಇಲ್ಲ. ‘ಕ್ಕೋ’ ಒಂದು. ‘ಸ್ತ್ರೀ’ ಒಂದು.

ಆ ರಾತ್ರಿ ನಾನು ಕೊನೆಗೆ ಬರೆದದ್ದು ಮೂರು ಷರತ್ತು. ಚಿಹ್ನೆಗಳನ್ನ ಒಂದೊಂದಾಗಿ ತಗೋ. ಬಂದದ್ದು ಸ್ವರಚಿಹ್ನೆ, ಹಲಂತ, ಅನುಸ್ವಾರ ಅಥವಾ ವಿಸರ್ಗ ಆದರೆ ಹಿಂದಿನ ಹಾಳೆಗೇ ಸೇರಿಸು. ವ್ಯಂಜನ ಬಂದು, ಅದರ ಹಿಂದಿನದು ಹಲಂತ ಆಗಿದ್ದರೆ ಅದನ್ನೂ ಹಿಂದಿನ ಹಾಳೆಗೇ ಸೇರಿಸು. ಎರಡೂ ಅಲ್ಲದಿದ್ದರೆ ಹೊಸ ಹಾಳೆ ತೆಗೆ. ‘ಸಾಫ್ಟ್‌ವೇರ್’ ಥರದ ಪದದಲ್ಲಿ ಒತ್ತು ಆಗಬಾರದು ಅಂತ ನಡುವೆ ಹಾಕುವ ಕಣ್ಣಿಗೆ ಕಾಣದ ಚಿಹ್ನೆ ಒಂದಿದೆ. ಅದನ್ನೂ ಹಿಂದಿನ ಹಾಳೆಗೇ ಸೇರಿಸಿದರೆ ಆಯ್ತು. ಅದಾದ ಮೇಲೆ ಬರುವ ವ್ಯಂಜನದ ಹಿಂದೆ ಹಲಂತ ಇರೋದಿಲ್ಲವಾದ್ದರಿಂದ ತಾನಾಗೇ ಹೊಸ ಹಾಳೆ ಶುರುವಾಗುತ್ತೆ. ಇಷ್ಟೇ. ಬ್ಯಾಶ್‌ನಲ್ಲಿ ಹದಿನೈದು ಸಾಲು. ಓಡಿಸಿದೆ, ಹದಿನೇಳು ಬಂತು. ಈ ಸಲ ಒಂದೊಂದು ಪುಟವನ್ನೂ ನೋಡಿ ಕಳಿಸಿದೆ.

ಅದಾದ ಮೇಲೆ ಅಪ್ಪಾಸಾಹೇಬರ ನೆನಪಾಗಿ ಆ ಹದಿನೈದು ಸಾಲನ್ನ ಜೋಪಾನವಾಗಿ ಎತ್ತಿಟ್ಟೆ. ಈಗ ಹೆಸರು ಕತ್ತರಿಸುವ ಪ್ರಸಂಗ ಬಂದರೆ ಮೊದಲು ಕತ್ತರಿಸದೆ ಆಗುತ್ತಾ ಅಂತ ಕೇಳ್ತೀನಿ. ಆಗೋದಿಲ್ಲ ಅಂದಾಗ ಮಾತ್ರ ಅದನ್ನ ಹೊರಗೆ ತೆಗೀತೀನಿ. ಪರೀಕ್ಷೆಯ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರಿನ ಜೊತೆ ಚಿಕ್ಕೋಡಿ, ನಿಪ್ಪಾಣಿ ಇದ್ದೇ ಇರುತ್ತವೆ.

ಮರುದಿನ ಸರ್ ವಿಡಿಯೋ ಕಳಿಸಿದರು. ಹದಿನೇಳು ಮಕ್ಕಳು, ಕೈಯಲ್ಲಿ ಹಾಳೆ. ಚಿಕ್ಕೋಡಿಯ ಸರದಿ ಬಂದಾಗ ಗಮನಿಸಿದೆ. ಮೊದಲನೇ ಹುಡುಗ ತನ್ನ ಹಾಳೆಯಲ್ಲಿ ಇದ್ದ ಹಾಗೆ ‘ಚಿ’ ಅನ್ನಲಿಲ್ಲ, ‘ಚಿಕ್’ ಅಂತ ಒದರಿ ನಿಂತ. ಪಕ್ಕದ ಹುಡುಗಿ ‘ಕೋ’ ಅಂದಳು. ಅವಳ ಹಾಳೆಯಲ್ಲಿ ‘ಕ್ಕೋ’ ಇತ್ತು.

ಸರ್‌ಗೆ ಫೋನ್ ಮಾಡಿ, ಹುಡುಗರು ನನ್ನ ಹಾಳೆ ಬಿಟ್ಟು ತಮಗೆ ಬೇಕಾದ ಹಾಗೆ ಕತ್ತರಿಸಿಕೊಂಡಿದ್ದಾರಲ್ಲ ಅಂದೆ. ಒಂದು ಲೆಕ್ಕದಲ್ಲಿ ಯೂನಿಕೋಡಿನ ಹಳೇ ನಿಯಮ ಹೇಳಿದ ಹಾಗೆ ‘ಕ್’ ಬೇರೆಯಾಗಿ, ಅದು ಹಿಂದಿನ ಹುಡುಗನ ಬಾಯಿಗೆ ಹೋಗಿತ್ತು.

ಸರ್ ನಕ್ಕರು. ‘ಬಾಯಿ ಹಂಗ ಅಂತೈತಿ, ಕೈ ಹಿಂಗ ಬರೀತೈತಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಯಾಕ ಕಲಿಸಿದ್ದೆ? “ಚಿ” ಒಂದನ ಇದ್ರ ಲಘು. ಮುಂದ “ಕ್ಕೋ” ಬಂತಂದ್ರ ಅದರ ಭಾರ ಈ ಹುಡುಗ ಹೊರಬೇಕು. ಮರತಿ ಏನ?’

ಮರೆತಿದ್ದೆ. ನನ್ನ ಹದಿನೈದು ಸಾಲು ಹಿಂದಕ್ಕೆ ಮಾತ್ರ ತಿರುಗಿ ನೋಡುತ್ತಿತ್ತು. ಲಘು ಗುರು ಹಾಕಲಿಕ್ಕೆ ಮುಂದಿನ ಅಕ್ಷರವನ್ನೂ ನೋಡಬೇಕು. ಆ ಭಾನುವಾರ ಕೂತು ಅದನ್ನೂ ಸೇರಿಸಿದೆ. ಚಿಕ್ಕೋಡಿ: ಗುರು, ಗುರು, ಲಘು. ನಿಪ್ಪಾಣಿಯೂ ಅದೇ, ಐದು ಮಾತ್ರೆ. ಸರ್‌ಗೆ ಕಳಿಸಿದೆ. ‘ಈಗ ಸರಿ ಐತಿ’ ಅಂತ ಉತ್ತರ ಬಂತು.